ಮಾತಿನ ಮರ್ಮ: ಹೊತ್ತಿಕೊಳ್ಳುವುದೋ, ಹೊತ್ತಿಕೊಳ್ಳದೋ?

ಈ ವಾರದ ಪ್ರಶ್ನೆಯನ್ನು ಕಳುಹಿಸಿದವರು ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳ ತಂದೆ. ಶಾಲೆಯ ಕಿರುಪರೀಕ್ಷೆಯೊಂದರಲ್ಲಿ ಕೆಲವು ಇಂಗ್ಲಿಷು ಶಬ್ದಗಳನ್ನು ಕೊಟ್ಟು, ಅವುಗಳಿಗೆ ವಿರುದ್ಧಾರ್ಥದ ಶಬ್ದಗಳನ್ನು ಬರೆಯುವಂತೆ ಕೇಳಿದ್ದರಂತೆ. 'ವಿಸಿಬಲ್' ಎಂಬುದಕ್ಕೆ 'ಇನ್‌ವಿಸಿಬಲ್', 'ಕರೆಕ್ಟ್' ಎಂಬುದಕ್ಕೆ 'ಇನ್‌ಕರೆಕ್ಟ್', 'ಕಂಪ್ಲೀಟ್' ಎಂಬುದಕ್ಕೆ 'ಇನ್‌ಕಂಪ್ಲೀಟ್' ಎಂದು ಬರೆಯುತ್ತ ಹೋದ ಹುಡುಗಿ, 'ಫ್ಲ್ಯಾಮಬಲ್' ಎಂಬಲ್ಲಿಗೆ ಬಂದಾಗ ಅದೇ ಓಟದಲ್ಲಿ 'ಇನ್‌ಫ್ಲ್ಯಾಮಬಲ್' ಎಂದು ಬರೆದಳು. ಉಪಾಧ್ಯಾಯರು ಸರಿ ಗುರುತು ಹಾಕಿ ಅಂಕವನ್ನೂ ಕೊಟ್ಟರು. ಅದಾದ ಕೆಲವು ದಿನಗಳಿಗೆ ರಸ್ತೆಯಲ್ಲಿ ಪೆಟ್ರೋಲು ಸಾಗಿಸುವ ಲಾರಿಯ ಹಿಂಬದಿಯಲ್ಲಿ 'ಹೈಲಿ ಇನ್‌ಫ್ಲ್ಯಾಮಬಲ್' ಎಂದು ದಪ್ಪಕ್ಷರಗಳಲ್ಲಿ ಬರೆದಿರುವುದನ್ನು ಕಂಡು, "ಹಾಗಾದರೆ ಪೆಟ್ರೋಲು ಹೊತ್ತಿಕೊಳ್ಳುವುದೇ ಇಲ್ಲವೆ, ಅಪ್ಪಾ?" ಎಂದು ತಂದೆಯನ್ನು ಕೇಳಿದಳಂತೆ. ತಂದೆಯವರು ನಿಘಂಟನ್ನು ತೆರೆದು ನೋಡಿದರೆ ಎರಡು ಶಬ್ದಗಳಿಗೂ ಒಂದೇ ಅರ್ಥವನ್ನು ಕೊಟ್ಟಿದೆ. ಒಂದೇ ಅರ್ಥಕ್ಕೆ ಇಂಥ ಎರಡು ಶಬ್ದಗಳು ಯಾತಕ್ಕೆ, ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಅವರ ಪ್ರಶ್ನೆ.

ನಿಘಂಟು ಹೇಳಿರುವುದು ಸರಿ. 'ಫ್ಲ್ಯಾಮಬಲ್' ಎಂದರೆ ಸುಲಭವಾಗಿ ಹೊತ್ತಿಕೊಳ್ಳುವಂಥದು. 'ಇನ್‌ಫ್ಲ್ಯಾಮಬಲ್' ಎಂದರೂ ಸುಲಭವಾಗಿ ಹೊತ್ತಿಕೊಳ್ಳುವಂಥದೇ. ಅರ್ಥದಲ್ಲಿ ಇವೆರಡಕ್ಕೂ ಎಳ್ಳಷ್ಟೂ ಅಂತರವಿಲ್ಲ. ಅಂತರವಿರುವುದೆಲ್ಲ ಬಳಕೆಯಲ್ಲಿ. ಇಂಗ್ಲಿಷಿನಲ್ಲಿ ನಮ್ಮನ್ನು ತಬ್ಬಿಬ್ಬುಗೊಳಿಸುವ ಜೋಡಿ ಶಬ್ದಗಳು ನೂರಾರು ಇವೆ. 'ಶಲ್' ಇರಬೇಕಾದಲ್ಲಿ 'ವಿಲ್' ಬರೆದರೆ ಹೆಚ್ಚೆಂದರೆ ವ್ಯಾಕರಣ ಬಲ್ಲ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿಯಾರು. ಈ ಜೋಡಿಯಲ್ಲಿ ಎಡವಿದರೆ ಮೈ ಸುಟ್ಟುಕೊಳ್ಳಬೇಕಾದೀತು. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ತೊಡಕೆಲ್ಲ ಇರುವುದು ಆರಂಭದ 'ಇನ್' ಎಂಬ ಎರಡಕ್ಷರದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಈ ಉಪಸರ್ಗಗಳು ಎರಡು. ರೂಪ ಒಂದೇ ಆದರೂ ಕುಲ ಬೇರೆ. ಮೊದಲನೆಯದು ನಿಷೇಧಾರ್ಥದ್ದು. ಸಂಸ್ಕೃತದ 'ಅನ್ಯಾಯ', 'ಅನಾದರ'ಗಳಲ್ಲಿ ಬರುವ 'ಅ', 'ಅನ್'ಗಳಿಗೆ ಅದು ದಾಯಾದಿ. ಇಂಗ್ಲಿಷಿನ ಸ್ವಂತ ಸೊತ್ತಾದ, 'ಅನ್‌ಹ್ಯಾಪಿ' ಎಂಬುದರ 'ಅನ್' ಕೂಡ ಅದೇ ವಂಶದ್ದು. ಹುಡುಗಿಯ 'ಇನ್‌ವಿಸಿಬಲ್', 'ಇನ್‌ಕರೆಕ್ಟ್'ಗಳಲ್ಲಿ ಇರುವುದು ಈ 'ಇನ್'. ಎರಡನೆಯದಕ್ಕೆ ಒಳಗೆ, ಒಳಕ್ಕೆ, ಮೇಲೆ ಎಂಬ ಅರ್ಥಗಳು; ಕೆಲವೆಡೆ ಕ್ರಿಯೆಗೆ ಬಲ ಕೊಡುವುದಷ್ಟೇ ಅದರ ಕೆಲಸ. ಲ್ಯಾಟಿನ್ನಿನಲ್ಲಿ 'ಫ್ಲಾಮ' ಎಂದರೆ ಜ್ವಾಲೆ. ಈ ಎರಡನೆಯ 'ಇನ್' ಅದರ ಮುಂದೆ ಸೇರಿ 'ಇನ್‌ಫ್ಲಾಮಾರೆ' ಎಂಬ ಧಾತುವಾಯಿತು: ಹೊತ್ತಿಸು, ಉರಿಯೆಬ್ಬಿಸು. ಹಾಗೆ ಹೊತ್ತಿಸಲು ಬರುವಂಥದು 'ಇನ್‌ಫ್ಲ್ಯಾಮಬಲ್'.

ಇದೇ ಮನೆಯ ಇನ್ನೊಂದು ಮಾತು ನಮ್ಮೆಲ್ಲರ ಕಿವಿಗೂ ಬಿದ್ದಿದೆ. ಗಂಟಲು ಕೆಂಪಾಗಿ, ಊದಿಕೊಂಡು, ಉರಿಯತೊಡಗಿದಾಗ ವೈದ್ಯರು 'ಇನ್‌ಫ್ಲಮೇಷನ್' ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ 'ಉರಿಯೂತ' ಎಂಬ ಹೆಸರಿದೆ. ಉರಿಯೂ ಇದೆ, ಊತವೂ ಇದೆ. ಮೂಲಕ್ಕಿಂತ ಕನ್ನಡದ ಮಾತೇ ಒಂದು ತೂಕ ಹೆಚ್ಚು ಎಂದು ನನ್ನ ಅಭಿಪ್ರಾಯ. 'ಇನ್' ಇದೆಯೆಂದು ಉರಿಯಿಲ್ಲದ ಸ್ಥಿತಿ ಎಂಬುದಾಗಿ ಅದನ್ನು ಯಾರೂ ತಿಳಿದುಕೊಂಡಿಲ್ಲ.

ಒಂದೇ ಉಪಸರ್ಗ ಎರಡು ದಿಕ್ಕಿಗೆ ಎಳೆಯುವ ಈ ಚೇಷ್ಟೆ ನಮಗೆ ಹೊಸದೇನೂ ಅಲ್ಲ. 'ವಿ' ಎಂಬುದನ್ನು ತೆಗೆದುಕೊಳ್ಳಿ. 'ವಿಫಲ' ಎಂದರೆ ಫಲವಿಲ್ಲದ್ದು. 'ವಿರಸ', 'ವಿವರ್ಣ', 'ವಿಮುಖ' ಇವೆಲ್ಲ ಅದೇ ಜಾಡಿನವು. ಈ ನಾಲ್ಕನ್ನು ಕಲಿತ ಪರಭಾಷೆಯವರೊಬ್ಬರು, 'ವಿಖ್ಯಾತ' ಎಂದರೆ ಖ್ಯಾತಿಯಿಲ್ಲದವನು, 'ವಿಶುದ್ಧ' ಎಂದರೆ ಶುದ್ಧವಲ್ಲದ್ದು, 'ವಿಜ್ಞಾನ' ಎಂದರೆ ಅಜ್ಞಾನ ಎಂದು ಅರ್ಥ ಮಾಡಿದರೆ ನಾವು ನಗುತ್ತೇವೆ. ಆದರೆ ಅವರ ತರ್ಕದಲ್ಲಿ ತಪ್ಪೇನು? ನಾಲ್ಕು ಕಡೆ ನಡೆದ ನಿಯಮ ಐದನೆಯ ಕಡೆಯೂ ನಡೆದೀತೆಂದು ನಂಬಿದರು, ಅಷ್ಟೆ. ಇದಕ್ಕಿಂತಲೂ ಸೊಗಸಾದುದು 'ಅನುತ್ತಮ' ಎಂಬ ಮಾತು. ನೋಡಿದೊಡನೆ 'ಉತ್ತಮವಲ್ಲದ್ದು' ಎಂದು ಅನ್ನಿಸುತ್ತದೆ. ಸಂಸ್ಕೃತ ಬಲ್ಲವರು ಅದನ್ನು ಬಿಡಿಸುವುದೇ ಬೇರೆ ಬಗೆ: ಯಾವುದಕ್ಕಿಂತ ಉತ್ತಮವಾದುದು ಬೇರೊಂದಿಲ್ಲವೋ ಅದು ಅನುತ್ತಮ, ಎಂದರೆ ಸರ್ವೋತ್ತಮ. ಮದುವೆಯ ಊಟವನ್ನು ಹೊಗಳಿ ಪತ್ರ ಬರೆಯುವವರು ಈ ಮಾತನ್ನು ಬಳಸದಿರುವುದೇ ಕ್ಷೇಮ.

ಕನ್ನಡ ಮಾತಾಡುವ ನಮಗೆ 'ವಿಖ್ಯಾತ' ಎಂಬಲ್ಲಿ ಗೊಂದಲವಾಗದಿರುವುದು ಆ ಮಾತನ್ನು ಚಿಕ್ಕಂದಿನಿಂದ ಇಡಿಯಾಗಿ ಕೇಳಿರುವುದರಿಂದ. ಇಂಗ್ಲಿಷನ್ನು ಕಲಿಯುವಾಗಲಾದರೋ ನಾವು ಬಿಡಿಭಾಗಗಳನ್ನು ಜೋಡಿಸುತ್ತ ಕಲಿಯುತ್ತೇವೆ. ಆಗಲೇ ಈ ಹಳ್ಳ ಕಾಲಿಗೆ ಸಿಕ್ಕುವುದು.

ಎರಡರಲ್ಲಿ ಹಳೆಯದು 'ಇನ್‌ಫ್ಲ್ಯಾಮಬಲ್'. ಹದಿನೇಳನೆಯ ಶತಮಾನದಿಂದಲೂ ಅದು ಇಂಗ್ಲಿಷಿನಲ್ಲಿ ಬಳಕೆಯಲ್ಲಿದೆ. 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ಎಂಬ ಇಂಗ್ಲೆಂಡಿನ ವಿಜ್ಞಾನಿ, ಲೋಹಗಳ ಮೇಲೆ ಆಮ್ಲವನ್ನು ಸುರಿದಾಗ ಹೊರಡುವ ಅನಿಲವೊಂದರ ಗುಣಗಳನ್ನು ಶೋಧಿಸಿ, ಅದನ್ನು 'ಇನ್‌ಫ್ಲ್ಯಾಮಬಲ್ ಏರ್', ಎಂದರೆ ಹೊತ್ತಿಕೊಳ್ಳುವ ಗಾಳಿ ಎಂದು ಕರೆದ. ನಾವು ಇಂದು ಜಲಜನಕ ಎನ್ನುವುದು ಅದನ್ನೇ. ಆ ಕಾಲದ ವಿದ್ವಾಂಸರಿಗೆ ಲ್ಯಾಟಿನ್ ಕರತಲಾಮಲಕವಾಗಿದ್ದುದರಿಂದ 'ಇನ್' ಎಂಬುದನ್ನು ಕಂಡು ಯಾರಿಗೂ ಸಂದೇಹ ಬರಲಿಲ್ಲ. 'ಫ್ಲ್ಯಾಮಬಲ್' ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ. ಹುಟ್ಟಿದ ಮೇಲೂ ಅದು ಬಹುಕಾಲ ಹೇಳಹೆಸರಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು. ಇದ್ದ ಮಾತೇ ಸಾಕಾಗಿರುವಾಗ ಇನ್ನೊಂದು ಯಾರಿಗೆ ಬೇಕು?

ಬೇಕಾಯಿತು, ಇಪ್ಪತ್ತನೆಯ ಶತಮಾನದಲ್ಲಿ. ಮೋಟಾರು ವಾಹನಗಳು ಬಂದವು. ಪೆಟ್ರೋಲು ಪೀಪಾಯಿಗಳಲ್ಲಿ, ಲಾರಿಗಳಲ್ಲಿ, ರೈಲಿನಲ್ಲಿ ಊರೂರಿಗೆ ಹೊರಟಿತು. ಬಣ್ಣ, ವಾರ್ನಿಷು, ಸ್ಪಿರಿಟ್ಟುಗಳ ಡಬ್ಬಿಗಳು ಅಂಗಡಿಗಳನ್ನು ತುಂಬಿದವು. ವಿಜ್ಞಾನಿಗಳ ಗ್ರಂಥದಲ್ಲಿದ್ದ ಮಾತು ಬೀದಿಗೆ ಬಂತು. ಅದನ್ನು ಓದುವವರು ಕೂಲಿಗಳು, ಚಾಲಕರು, ಗುಮಾಸ್ತರು, ಗೃಹಿಣಿಯರು. ಅವರಲ್ಲಿ ಬಹುಮಂದಿಗೆ 'ಇನ್' ಎಂದರೆ 'ಅಲ್ಲ'. 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದವರು, ಇನ್ನು ಮುಂದೆ 'ಇನ್‌ಫ್ಲ್ಯಾಮಬಲ್' ಎಂಬುದನ್ನು ಬಿಟ್ಟು 'ಫ್ಲ್ಯಾಮಬಲ್' ಎಂದೇ ಬರೆಯಬೇಕೆಂದು ಒತ್ತಾಯಿಸತೊಡಗಿದರು. ಬೆಂಕಿಯಿಂದಾದ ನಷ್ಟವನ್ನು ಕೈಯಿಂದ ತೆರಬೇಕಾದ ವಿಮೆಯವರೂ ಅವರ ದನಿಗೆ ದನಿಗೂಡಿಸಿದರು. ಭಾಷೆಯ ತಿದ್ದುಪಡಿಗೆ ಪಂಡಿತರ ಬದಲು ವಿಮಾದಾರರು ಹೊರಟದ್ದು ಅಪೂರ್ವವೇ ಸರಿ.

1953ರಲ್ಲಿ ಅಮೆರಿಕದ ಶಾಸನಸಭೆ ಬೇಗ ಹೊತ್ತಿಕೊಳ್ಳುವ ಬಟ್ಟೆಗಳ ಮಾರಾಟವನ್ನು ತಡೆಯಲು ಒಂದು ಕಾಯಿದೆಯನ್ನು ಮಾಡಿತು. ಅದರ ಹೆಸರಿನಲ್ಲೇ 'ಫ್ಲ್ಯಾಮಬಲ್' ಎಂಬ ಮಾತು ಸೇರಿತು. ಅದಕ್ಕೆ ಕಾರಣವಾದುದು ಮನಸ್ಸನ್ನು ಕಲಕುವ ಸಂಗತಿ. ನುಣುಪಾದ ಜುಂಗು ಎಬ್ಬಿಸಿದ ರೇಯಾನ್ ಸ್ವೆಟರುಗಳು, ಮಕ್ಕಳು ಆಟಕ್ಕೆ ತೊಡುವ ದನಗಾಹಿ ವೇಷದ ಜುಂಗು ಉಡುಪುಗಳು ಒಂದು ಕಿಡಿ ತಗಲಿದರೆ ಸಾಕು, ಮೈಮೇಲೆಯೇ ಭಗ್ಗನೆ ಹೊತ್ತಿಕೊಳ್ಳುತ್ತಿದ್ದವು. ಹಾಗೆ ಸುಟ್ಟುಕೊಂಡು ಮಕ್ಕಳು ಸತ್ತರು. ಅಂಥ ಬಟ್ಟೆಗೆ ಸಂಬಂಧಪಟ್ಟ ಕಾನೂನಿನಲ್ಲಿ, ಓದಿದ ತಾಯಿಯೊಬ್ಬಳು 'ಇದು ಹೊತ್ತಿಕೊಳ್ಳದು' ಎಂದು ತಪ್ಪು ತಿಳಿಯಬಹುದಾದ ಶಬ್ದವನ್ನು ಉಳಿಸಿಕೊಳ್ಳುವುದು ಯಾರಿಗೆ ತಾನೆ ಒಪ್ಪಿಗೆಯಾದೀತು?

ಇಂಗ್ಲೆಂಡು ಸ್ವಲ್ಪ ತಡವಾಗಿ ಎಚ್ಚೆತ್ತಿತು. ಅಲ್ಲಿಯ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ, ಸಂದಿಗ್ಧಕ್ಕೆ ಎಡೆಯಿರಬಾರದೆಂದು 'ಫ್ಲ್ಯಾಮಬಲ್', 'ನಾನ್-ಫ್ಲ್ಯಾಮಬಲ್' ಎಂಬ ರೂಪಗಳನ್ನೇ ಪ್ರೋತ್ಸಾಹಿಸುವುದಾಗಿ 1959ರಲ್ಲಿ ತಿಳಿಸಿತು.

ಭಾಷಾಭಿಮಾನಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಪ್ರೊಫೆಸರ್ ವಿಲಿಯಂ ಸ್ಟ್ರಂಕ್ ಅವರು ಬರೆದು, ಅವರ ಶಿಷ್ಯ ಇ. ಬಿ. ವೈಟ್ ಅವರು ಪರಿಷ್ಕರಿಸಿದ ಇಂಗ್ಲಿಷು ಶೈಲಿಯ ಚಿಕ್ಕ ಕೈಪಿಡಿಯೊಂದಿದೆ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದದ್ದು. ಅದರ ಪರಿಷ್ಕೃತ ಮುದ್ರಣಗಳಲ್ಲಿ 'ಫ್ಲ್ಯಾಮಬಲ್' ಎಂಬುದನ್ನು ಒಂದು ವಿಚಿತ್ರ ಶಬ್ದವೆಂದು ಕರೆದು, ಜೀವ ಉಳಿಸುವುದೇ ಅದರ ಮುಖ್ಯ ಉಪಯೋಗವೆಂದು ಒಪ್ಪಿಕೊಂಡು, ಮಕ್ಕಳ ಹಾಗೂ ಅನಕ್ಷರಸ್ಥರ ಕ್ಷೇಮವನ್ನು ನೋಡಿಕೊಳ್ಳಬೇಕಾದ ಲಾರಿಯವರನ್ನುಳಿದು ಮಿಕ್ಕವರು 'ಇನ್‌ಫ್ಲ್ಯಾಮಬಲ್' ಎಂದೇ ಬರೆಯಲಿ ಎಂದು ಸಲಹೆ ಕೊಟ್ಟಿದ್ದಾರೆ.

ವೈಟ್ ಅವರ ಗದ್ಯವನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. ಆದರೂ ಈ ಒಂದು ಮಾತನ್ನು ನಾನು ಒಪ್ಪಲಾರೆ. ಅನಕ್ಷರಸ್ಥನಿಗೆ ಈ ಶಬ್ದದಿಂದ ಅಪಾಯವೇ ಇಲ್ಲ. ಅಕ್ಷರ ಬಾರದವನು ಲಾರಿಯನ್ನು ನೋಡುತ್ತಾನೆ, ಪೆಟ್ರೋಲಿನ ವಾಸನೆಯನ್ನು ಮೂಸುತ್ತಾನೆ, ಬೀಡಿಯನ್ನು ಕಾಲಡಿಯಲ್ಲಿ ಹೊಸಕಿ ದೂರ ಸರಿಯುತ್ತಾನೆ. ಲ್ಯಾಟಿನ್ ಬಲ್ಲ ಪಂಡಿತನಿಗೂ ಅಪಾಯವಿಲ್ಲ. ಅಪಾಯವಿರುವುದು ಇವರಿಬ್ಬರ ನಡುವೆ ಇರುವ ನಮ್ಮಂಥವರಿಗೆ: ಶಾಲೆಯಲ್ಲಿ ಉಪಸರ್ಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, 'ಇನ್' ಎಂದರೆ 'ಅಲ್ಲ' ಎಂದು ಗಟ್ಟಿಯಾಗಿ ಕಲಿತವರಿಗೆ. ಆ ಹುಡುಗಿ ತಪ್ಪಿದ್ದು ಪಾಠವನ್ನು ಕಲಿಯದೆ ಅಲ್ಲ, ಚೆನ್ನಾಗಿ ಕಲಿತು. ಅವಳ ಉಪಾಧ್ಯಾಯರದೂ ಅದೇ ಗತಿ. ನಿಯಮ ತಿಳಿದಿದೆ ಎಂಬ ಧೈರ್ಯವೇ ಕಣ್ಣಿಗೆ ಕಾಣುವ ಪೆಟ್ರೋಲಿಗಿಂತ ಹೆಚ್ಚಾಗಿ ಕಾಗದದ ಚೀಟಿಯನ್ನು ನಂಬುವಂತೆ ಮಾಡುತ್ತದೆ. ಕಾವ್ಯದಲ್ಲಿ ಎರಡರ್ಥ ಬಂದರೆ ಶ್ಲೇಷಾಲಂಕಾರವೆಂದು ತಲೆದೂಗಬಹುದು. ಡಬ್ಬಿಯ ಮೇಲೆ ಅದು ಬರಬಾರದು.

ಶಬ್ದವೊಂದು ಬೆಂಕಿಗೆ ದಾರಿಮಾಡಿಕೊಟ್ಟೀತೆ ಎಂದು ಸಂಶಯಪಡುವವರು ಬೆಂಜಮಿನ್ ಲೀ ವರ್ಫ್ ಎಂಬವರ ಅನುಭವವನ್ನು ಕೇಳಬೇಕು. ಈತ 1897ರಲ್ಲಿ ಹುಟ್ಟಿ 1941ರಲ್ಲಿ ತೀರಿಕೊಂಡ ಅಮೆರಿಕದ ಭಾಷಾವಿಜ್ಞಾನಿ. ಆದರೆ ಹೊಟ್ಟೆಪಾಡಿಗೆ ಹಿಡಿದದ್ದು ಬೇರೆ ಉದ್ಯೋಗ; ಓದಿದ್ದು ರಾಸಾಯನಿಕ ಎಂಜಿನಿಯರಿಂಗ್, 1919ರಿಂದ ಕೆಲಸ ಮಾಡಿದ್ದು ಹಾರ್ಟ್‌ಫರ್ಡ್ ಅಗ್ನಿ ವಿಮಾ ಕಂಪನಿಯಲ್ಲಿ. ಎಲ್ಲಿ ಬೆಂಕಿ ಬಿತ್ತು, ಏಕೆ ಬಿತ್ತು ಎಂಬ ವರದಿಗಳನ್ನು ಪರಿಶೀಲಿಸುವುದು ಅವರ ಪಾಲಿಗೆ ಬಂದಿತ್ತು. ತಂತಿಯಲ್ಲಿ ದೋಷ, ಗಾಳಿಯಾಡಲು ಎಡೆಯಿಲ್ಲದಿರುವುದು ಮುಂತಾದ ಭೌತಿಕ ಕಾರಣಗಳನ್ನಷ್ಟೇ ಹುಡುಕುತ್ತಿದ್ದ ಅವರಿಗೆ, ವಸ್ತುವಿಗೆ ಜನ ಇಟ್ಟ ಹೆಸರೇ ಕೆಲವೊಮ್ಮೆ ಬೆಂಕಿಗೆ ಕಾರಣವಾಗುತ್ತದೆಂದು ಬರಬರುತ್ತ ಹೊಳೆಯಿತು.

ಅವರು ಕೊಟ್ಟ ನಿದರ್ಶನಗಳಲ್ಲಿ ಪ್ರಸಿದ್ಧವಾದುದು 'ಖಾಲಿ' ಪೀಪಾಯಿಗಳದು. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಕೆಲಸಗಾರರು ಬಹಳ ಎಚ್ಚರದಿಂದಿರುತ್ತಾರೆ. 'ಖಾಲಿ ಪೀಪಾಯಿ' ಎಂದು ಬೋರ್ಡು ಹಾಕಿದ ಕಡೆ ಸಿಗರೇಟು ಸೇದುತ್ತಾರೆ, ಉರಿಯುವ ತುಂಡನ್ನು ಎಸೆಯುತ್ತಾರೆ. ಆದರೆ ಖಾಲಿಯಾದ ಪೀಪಾಯಿಯಲ್ಲಿ ಉಳಿದಿರುವುದು ಪೆಟ್ರೋಲಿನ ಆವಿ. ಹೊತ್ತಿ ಸಿಡಿಯುವುದು ಆ ಆವಿಯೇ ಆದುದರಿಂದ ತುಂಬಿದ್ದಕ್ಕಿಂತ ಖಾಲಿಯೇ ಹೆಚ್ಚು ಘಾತುಕ. ಇನ್ನೊಂದು ನಿದರ್ಶನ ಮರವನ್ನು ಬಟ್ಟಿಯಿಳಿಸುವ ಕಾರ್ಖಾನೆಯದು. ಅಲ್ಲಿಯ ಬಟ್ಟಿಪಾತ್ರೆಗಳಿಗೆ ಶಾಖ ಹೊರಹೋಗದಂತೆ ಸುಣ್ಣಕಲ್ಲಿನಿಂದ ತಯಾರಿಸಿದ ಹೊದಿಕೆ ಹಾಕಿದ್ದರು. ಕಲ್ಲು ತಾನೆ, ಉರಿದೀತೆ ಎಂದು ಅದನ್ನು ಬೆಂಕಿಯಿಂದ ಕಾಪಾಡುವ ಗೋಜಿಗೆ ಯಾರೂ ಹೋಗಲಿಲ್ಲ. ಪಾತ್ರೆಗಳಿಂದ ಏಳುವ ಅಸಿಟಿಕ್ ಆಮ್ಲದ ಹೊಗೆ ಬಡಿದು ಬಡಿದು ಆ ಸುಣ್ಣಕಲ್ಲಿನ ಒಂದು ಭಾಗ ಬೇರೊಂದು ಲವಣವಾಗಿ ಮಾರ್ಪಟ್ಟಿತ್ತು; ಕಾಯಿಸಿದರೆ ಅದರಿಂದ ಅಸಿಟೋನ್ ಹೊರಡುತ್ತದೆ. ಕೆಳಗಿನ ಬೆಂಕಿ ತಗಲಿದಾಗ 'ಕಲ್ಲು' ಧಗಧಗನೆ ಉರಿಯಿತು. ಭಾಷೆಯೇ ನಮ್ಮ ಆಲೋಚನೆಯನ್ನು ರೂಪಿಸುತ್ತದೆಂದು ವರ್ಫ್ ಇದರ ಮೇಲೆ ಕಟ್ಟಿದ ದೊಡ್ಡ ಸಿದ್ಧಾಂತವನ್ನು ಅನೇಕ ವಿದ್ವಾಂಸರು ಒಪ್ಪಿಲ್ಲ. ಅದಿರಲಿ, ಪೀಪಾಯಿಯ ವಿಷಯದಲ್ಲಿ ಅವರ ಮಾತು ಗಟ್ಟಿಯಾದುದು. ಸೀಮೆಎಣ್ಣೆಯ 'ಖಾಲಿ' ಡಬ್ಬವನ್ನು ಒಲೆಯ ಪಕ್ಕಕ್ಕೆ ಒತ್ತರಿಸಿಡುವ ಅಭ್ಯಾಸವಿರುವವರು ಇಂದೇ ಅದರ ಸ್ಥಳವನ್ನು ಬದಲಾಯಿಸಬಹುದು.

ಇನ್ನು ನಮ್ಮ ದೇಶಕ್ಕೆ ಬರೋಣ. ಅಮೆರಿಕ, ಇಂಗ್ಲೆಂಡುಗಳು ಹಳೆಯ ಮಾತನ್ನು ಕೈಬಿಟ್ಟ ಮೇಲೂ ನಮ್ಮ ಲಾರಿಗಳ ಮೇಲೆ ಅದು ಏಕೆ ಉಳಿದಿದೆ? ಕಾರಣ ಕಾನೂನಿನಲ್ಲಿದೆ ಎಂದು ನನ್ನ ಊಹೆ. 1935ರ ಇಂಡಿಯಾ ಸರ್ಕಾರದ ಕಾಯಿದೆಯಲ್ಲಿ ಪೆಟ್ರೋಲಿಯಂ ಮತ್ತು ಅಂಥ ಇತರ ಅಪಾಯಕರ ದ್ರವಗಳನ್ನು ಹೇಳುವಾಗ 'ಡೇಂಜರಸ್ಲಿ ಇನ್‌ಫ್ಲ್ಯಾಮಬಲ್' ಎಂದು ಬರೆದಿದ್ದರು. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ, ಕೇಂದ್ರಪಟ್ಟಿಯ 53ನೆಯ ಬಾಬಿನಲ್ಲಿ, ಅದೇ ಮಾತು ಮುಂದುವರಿಯಿತು. ಆ ಬಾಬನ್ನು ಅನುಸರಿಸಿ 1952ರಲ್ಲಿ ಸಂಸತ್ತು ಮಾಡಿದ ಕಾಯಿದೆಯ ಹೆಸರೇ 'ಇನ್‌ಫ್ಲ್ಯಾಮಬಲ್ ಸಬ್‌ಸ್ಟೆನ್ಸಸ್ ಆಕ್ಟ್'. ಕಾನೂನಿನ ಮಾತು ಕಚೇರಿಗೆ, ಕಚೇರಿಯ ಮಾತು ಬಣ್ಣ ಬಳಿಯುವವನ ಕುಂಚಕ್ಕೆ ಇಳಿಯಿತು. ಸಂವಿಧಾನವನ್ನು ಬರೆದ ಮಹನೀಯರ ಇಂಗ್ಲಿಷಿನಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ಆ ಮಾತು ಅಲ್ಲಿ ಶುದ್ಧವಾಗಿಯೇ ಇದೆ. ನ್ಯಾಯಾಲಯದಲ್ಲಿ ನಿಘಂಟನ್ನು ತೆರೆದು ಅರ್ಥ ಮಾಡಲು ಬಿಡುವಿರುತ್ತದೆ. ರಸ್ತೆಯಲ್ಲಿ ಲಾರಿಯ ಹಿಂದೆ ಸ್ಕೂಟರು ನಿಲ್ಲಿಸಿ ಬೆಂಕಿಕಡ್ಡಿ ಗೀರುವವನಿಗೆ ಆ ಬಿಡುವಿಲ್ಲ.

ಹೀಗಾಗಿ ಇಂದು ನಮ್ಮಲ್ಲಿ ಎರಡು ಮಾತುಗಳೂ ಒಟ್ಟಿಗೆ ಓಡಾಡುತ್ತಿವೆ. ವಾಚಕರು ತಮ್ಮ ಮನೆಯ ಕಪಾಟನ್ನೇ ಒಮ್ಮೆ ಶೋಧಿಸಿ ನೋಡಬಹುದು. ಸುಗಂಧ ಸಿಂಪಡಿಸುವ ತಗಡಿನ ಡಬ್ಬಿ, ಸೊಳ್ಳೆ ಜಿರಲೆಗಳಿಗೆ ಹೊಡೆಯುವ ಔಷಧಿ, ಉಗುರುಬಣ್ಣವನ್ನು ಅಳಿಸುವ ದ್ರವ, ಟರ್ಪೆಂಟೈನು, 2020ರ ಕೊರೋನಾ ಕಾಲದಿಂದ ಮನೆಮನೆಗೆ ಬಂದ ಕೈಗೆ ಹಚ್ಚುವ ಸ್ಯಾನಿಟೈಸರು, ಇವುಗಳ ಮೇಲೆ ಸಣ್ಣಕ್ಷರಗಳಲ್ಲಿ ಈ ಎರಡರಲ್ಲಿ ಒಂದು ಮಾತು ಇದ್ದೇ ಇರುತ್ತದೆ. ಯಾವುದೇ ಇರಲಿ, ದೇವರ ದೀಪದಿಂದಲೂ ಅಡಿಗೆಯ ಒಲೆಯಿಂದಲೂ ಅದನ್ನು ದೂರವಿಡಿ. ಸ್ಯಾನಿಟೈಸರನ್ನು ಹಚ್ಚಿಕೊಂಡ ಕೈ ಆರುವ ಮೊದಲೇ ಗ್ಯಾಸು ಹೊತ್ತಿಸಬಾರದು ಎಂದು ಮನೆಯ ಮಕ್ಕಳಿಗೂ ಹೇಳಿಡಬೇಕು. ಅದರ ಬಹುಪಾಲು ಮದ್ಯಸಾರವೇ.

ಶಬ್ದವನ್ನೇ ನೆಚ್ಚಬೇಕಾಗಿಲ್ಲದ ಗುರುತುಗಳೂ ಉಂಟು. ಅಪಾಯದ ಸರಕುಗಳ ಸಾಗಣೆಗೆ ವಿಶ್ವಸಂಸ್ಥೆಯ ಆಶ್ರಯದಲ್ಲಿ ಏರ್ಪಟ್ಟ ಪದ್ಧತಿಯಂತೆ, ಮೂಲೆಯ ಮೇಲೆ ನಿಲ್ಲಿಸಿದ ಕೆಂಪು ಚೌಕದಲ್ಲಿ ಜ್ವಾಲೆಯ ಚಿತ್ರವಿರುತ್ತದೆ. ಜೊತೆಗೆ ನಾಲ್ಕಂಕಿಯ ಸಂಖ್ಯೆ: 1203 ಎಂದಿದ್ದರೆ ಪೆಟ್ರೋಲು, 1202 ಡೀಸೆಲ್, 1223 ಸೀಮೆಎಣ್ಣೆ, 1075 ಅಡಿಗೆ ಅನಿಲ. ಮಕ್ಕಳೊಂದಿಗೆ ಪ್ರಯಾಣ ಮಾಡುವಾಗ ಮುಂದಿನ ಲಾರಿಯಲ್ಲೇನಿದೆ ಎಂದು ಹೇಳುವ ಆಟಕ್ಕೂ ಇದು ಆದೀತು. ಅಡಿಗೆ ಅನಿಲಕ್ಕೆ ಹುಟ್ಟಿನಿಂದ ಬಂದ ಘಾಟು ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಅದರಲ್ಲಿ ಬೆರೆಸುತ್ತಾರೆ. ಉಪಸರ್ಗವಿಲ್ಲದ ಎಚ್ಚರಿಕೆ ಅದು. ಮೂಗಿರುವವರೆಲ್ಲ ಓದಬಲ್ಲರು.

ಕನ್ನಡದಲ್ಲಿ ಬರೆಯುವಾಗ 'ದಹನಶೀಲ', 'ಜ್ವಲನಶೀಲ' ಎಂಬ ಮಾತುಗಳನ್ನು ಬಳಸುವುದುಂಟು. ಇವು ಗಂಭೀರವಾಗಿವೆ, ನಿಜ. ಆದರೆ 'ದಹನ' ಎಂಬುದು ಅಗ್ನಿಗೇ ಇರುವ ಒಂದು ಹೆಸರು. ಹಾಗೆ ನೋಡಿದರೆ 'ದಹನಶೀಲ' ಎಂದರೆ ಇತರರನ್ನು ಸುಡುವ ಸ್ವಭಾವದ್ದು ಎಂದೂ ಆದೀತು. ತಾನೇ ಸುಡಲ್ಪಡುವುದಕ್ಕೆ 'ದಾಹ್ಯ' ಎನ್ನಬೇಕು. 'ದಾಹ್ಯ' ಎಂದು ಬರೆದರೆ ಯಾರಿಗೆ ಅರ್ಥವಾದೀತು? ಬಾಯಾರಿಕೆಯ ಔಷಧವೆಂದು ಯಾರಾದರೂ ತಿಳಿದಾರು. 'ಬೇಗ ಹೊತ್ತಿಕೊಳ್ಳುತ್ತದೆ, ಬೆಂಕಿಯನ್ನು ದೂರವಿಡಿ' ಎಂದು ಬರೆಯಲು ಎಷ್ಟು ಜಾಗ ಬೇಕು? ಸಂಸ್ಕೃತದ ಮೇಲೆ ನನಗೆ ಗೌರವವಿಲ್ಲದೆ ಇಲ್ಲ; ಪೆಟ್ರೋಲು ಲಾರಿಯ ಬೆನ್ನು ಅದಕ್ಕೆ ತಕ್ಕ ಪೀಠವಲ್ಲ ಎಂದಷ್ಟೇ ನನ್ನ ಮಾತು.

ಬಳಕೆಯ ಪ್ರಶ್ನೆಗೆ ಈಗ ನೇರವಾದ ಉತ್ತರ. ವಸ್ತುಗಳ ವಿಷಯದಲ್ಲಿ, ಅದರಲ್ಲಿಯೂ ಎಚ್ಚರಿಕೆಯ ಬರಹದಲ್ಲಿ, 'ಫ್ಲ್ಯಾಮಬಲ್' ಎಂದೇ ಬರೆಯಿರಿ. ಮನುಷ್ಯರ ಸ್ವಭಾವ, ಊರಿನ ಪರಿಸ್ಥಿತಿ, ವಾದವಿವಾದ ಮುಂತಾದುವನ್ನು ವರ್ಣಿಸುವಾಗ ಹಳೆಯ 'ಇನ್‌ಫ್ಲ್ಯಾಮಬಲ್' ಇನ್ನೂ ಸಲ್ಲುತ್ತದೆ. ಮುಟ್ಟಿದರೆ ಸಿಡಿಯುವ ಮಾವನವರ ಕೋಪಕ್ಕೆ 'ಇನ್‌ಫ್ಲ್ಯಾಮಬಲ್ ಟೆಂಪರ್' ಎನ್ನಬಹುದು. 'ಫ್ಲ್ಯಾಮಬಲ್' ಎಂದರೆ ಅವರ ಪಂಚೆಗೆ ಬೆಂಕಿ ತಗಲೀತೆಂಬ ಅರ್ಥ ಬಂದೀತು. ಜನರನ್ನು ಕೆರಳಿಸುವ ಭಾಷಣ 'ಇನ್‌ಫ್ಲ್ಯಾಮಟರಿ'. ಅದರಲ್ಲಿಯ 'ಇನ್' ಅನ್ನು ಕಿತ್ತುಹಾಕಿ 'ಫ್ಲ್ಯಾಮಟರಿ' ಎಂದು ಬರೆಯುವ ಹಾಗಿಲ್ಲ. ಅಂಥ ಶಬ್ದ ಬಳಕೆಯಲ್ಲಿಲ್ಲ. ಕೆರಳಿಸುವವನು 'ಇನ್‌ಫ್ಲ್ಯಾಮಟರಿ', ಕೆರಳುವವನು 'ಇನ್‌ಫ್ಲ್ಯಾಮಬಲ್'. ಇವರಿಬ್ಬರೂ ಒಂದೆಡೆ ಸೇರಿದರೆ ಮುಂದಿನದನ್ನು ವೃತ್ತಪತ್ರಿಕೆಗಳಲ್ಲಿ ಓದಬಹುದು.

ಪರೀಕ್ಷೆಯಲ್ಲಿ ವಿರುದ್ಧ ಪದವನ್ನು ಕೇಳಿದರೆ 'ನಾನ್-ಫ್ಲ್ಯಾಮಬಲ್' ಎಂಬುದು ಸರಿಯಾದ ಉತ್ತರ. ಇಲ್ಲಿಯೂ ಒಂದು ತಮಾಷೆಯಿದೆ. ಉರಿಯಬಲ್ಲದ್ದು ಎಂಬುದಕ್ಕೆ ಇಂಗ್ಲಿಷಿನಲ್ಲಿ 'ಕಂಬಸ್ಟಿಬಲ್' ಎಂಬ ಮೂರನೆಯ ಮಾತೂ ಇದೆ. ಅದಕ್ಕೆ 'ಇನ್' ಸೇರಿಸಿದರೆ 'ಇನ್‌ಕಂಬಸ್ಟಿಬಲ್'. ಅದರ ಅರ್ಥ ಉರಿಯದ್ದು! ಅಲ್ಲಿರುವುದು ನಿಷೇಧದ 'ಇನ್'. ಪಕ್ಕಪಕ್ಕದ ಎರಡು ಡಬ್ಬಿಗಳ ಮೇಲೆ 'ಇನ್‌ಫ್ಲ್ಯಾಮಬಲ್', 'ಇನ್‌ಕಂಬಸ್ಟಿಬಲ್' ಎಂದು ಬರೆದರೆ ಒಂದು ಭಗ್ಗನೆ ಉರಿಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಫ್ರೆಂಚರು ಈ ತೊಡಕಿಗೆ ಬೇರೆಯೇ ಉಪಾಯ ಹೂಡಿದ್ದಾರೆ. ಅವರಲ್ಲಿ ಹೊತ್ತಿಕೊಳ್ಳುವಂಥದಕ್ಕೆ ಹಳೆಯ ಶಬ್ದವೇ ಇದೆ. ಹೊತ್ತಿಕೊಳ್ಳದ್ದಕ್ಕೆ ಅದರ ಹಿಂದೆ ಇನ್ನೊಂದು 'ಇನ್' ಹಚ್ಚುತ್ತಾರೆ. ಎರಡು 'ಇನ್'ಗಳೂ ತಮ್ಮ ತಮ್ಮ ಕೆಲಸ ಮಾಡಿಕೊಂಡು ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಇಂಗ್ಲಿಷೂ ಫ್ರೆಂಚೂ ರಾಜಭಾಷೆಗಳಾಗಿರುವ ಕೆನಡಾದಲ್ಲಿ ಒಂದೇ ಡಬ್ಬಿಯ ಮೇಲೆ ಇಂಗ್ಲಿಷರಿಗೆ 'ಫ್ಲ್ಯಾಮಬಲ್' ಎಂದೂ ಫ್ರೆಂಚರಿಗೆ ಅವರ ಉಚ್ಚಾರದ 'ಇನ್‌ಫ್ಲ್ಯಾಮಬಲ್' ಎಂದೂ ಮುದ್ರಿಸುತ್ತಾರೆ. ಹುಡುಗಿಯ ಉತ್ತರಪತ್ರಿಕೆಯ ಲೆಕ್ಕದಲ್ಲಿ ಆ ಡಬ್ಬಿ ಉರಿಯುತ್ತದೆ, ಉರಿಯುವುದಿಲ್ಲ!

'ಫ್ಲ್ಯಾಮಬಲ್', 'ಕಂಬಸ್ಟಿಬಲ್'ಗಳ ನಡುವೆ ಮಾತ್ರ ಅರ್ಥದ ಅಂತರವನ್ನೇ ಕಲ್ಪಿಸಿದ್ದುಂಟು. ದ್ರವವು ಕಿಡಿ ತಗಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡತೊಡಗುವ ಉಷ್ಣತೆಗೆ ಫ್ಲ್ಯಾಷ್ ಪಾಯಿಂಟ್ ಎಂದು ಹೆಸರು. ಅಮೆರಿಕದ ಅಗ್ನಿನಿಯಮಗಳಲ್ಲಿ ಬಹುಕಾಲ, ಇದು 100 ಡಿಗ್ರಿ ಫ್ಯಾರನ್‌ಹೀಟಿಗಿಂತ, ಎಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದ ದ್ರವ 'ಫ್ಲ್ಯಾಮಬಲ್', ಮೇಲಿದ್ದುದು 'ಕಂಬಸ್ಟಿಬಲ್' ಎಂದು ಗೆರೆ ಎಳೆದಿದ್ದರು. ಪೆಟ್ರೋಲಿನದು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗೆ. ಎಂದರೆ ಹಿಮಾಲಯದ ಚಳಿಯಲ್ಲೂ ಅದು ಸಿದ್ಧವಾಗಿಯೇ ಇರುತ್ತದೆ. ನಮ್ಮ ಕಾನೂನು ಈ ಶಬ್ದಗಳ ಜಗಳಕ್ಕೆ ಹೋಗದೆ ಮೂರು ವರ್ಗಗಳನ್ನು ಮಾಡಿದೆ: 23 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನವು 'ಎ', 23ರಿಂದ 65ರವರೆಗಿನವು 'ಬಿ', 65ರಿಂದ 93ರವರೆಗಿನವು 'ಸಿ'. ಪೆಟ್ರೋಲು 'ಎ' ವರ್ಗದ್ದು. ಸೀಮೆಎಣ್ಣೆ 'ಬಿ' ವರ್ಗದ್ದು. ಉರಿಯುತ್ತಿರುವ ಸ್ಟೌವಿಗೆ ಸೀಮೆಎಣ್ಣೆ ಸುರಿಯಬಾರದೆಂದು ಹಿರಿಯರು ಹೇಳುತ್ತಿದ್ದುದು ಈ ವರ್ಗೀಕರಣವನ್ನು ಓದಿ ಅಲ್ಲವಾದರೂ ಕಾರಣ ಅದೇ. ಕಾದ ಸ್ಟೌವಿನ ಬಳಿ 'ಬಿ' ವರ್ಗದ ಎಣ್ಣೆಯೂ 'ಎ' ವರ್ಗದಂತೆ ವರ್ತಿಸುತ್ತದೆ.

ಮುಂದಿನ ವಾರ 'ಇನ್‌ಜೀನಿಯಸ್', 'ಇನ್‌ಜೆನ್ಯುವಸ್' ಎಂಬ ಜೋಡಿ. ಅಲ್ಲಿರುವುದು ಯಾವ 'ಇನ್' ಎಂದು ವಾಚಕರು ಅಷ್ಟರೊಳಗೆ ಊಹಿಸಿಡಬಹುದು.